ಕಾಯಿಲೆ ಬಿದ್ದಾಗ ಕಾಲೇಜಿಗೆ ರಜೆ: ಹೋಗುವ ಮೊದಲು, ಮರಳಿದ ಮೇಲೆ

ಸೆಮಿಸ್ಟರ್ ಮುಗಿಯಲು ಇನ್ನೆರಡು ವಾರ ಇದೆ ಅನ್ನುವಾಗ ಕಾಲೇಜಿನ ನೋಟಿಸ್ ಬೋರ್ಡಿಗೆ ಹಾಜರಾತಿ ಕೊರತೆಯ ಪಟ್ಟಿ ಬೀಳುತ್ತದೆ. ಕ್ಲಾಸಿಗೆ ಚಕ್ಕರ್ ಹೊಡೆದು ತಿರುಗಾಡಿದವರ ಪಕ್ಕದಲ್ಲೇ ಡೆಂಗಿ ಬಂದು ಮೂರು ವಾರ ಮಲಗಿದವರು, ಬೈಕಿನಿಂದ ಬಿದ್ದು ಮೊಣಕಾಲಿನ ಲಿಗಮೆಂಟ್ ಹರಿದುಕೊಂಡವರು, ಕಾಮಾಲೆಯಾಗಿ ಊರಿನಲ್ಲಿ ಪಥ್ಯದಲ್ಲಿದ್ದವರು, ಯಾರಿಗೂ ಹೇಳಿಕೊಳ್ಳಲಾಗದೆ ಹಾಸ್ಟೆಲ್ ಕೋಣೆಯ ಚಿಲಕ ಹಾಕಿಕೊಂಡು ಕೂತವರು, ಎಲ್ಲರ ಹೆಸರೂ ಇರುತ್ತದೆ. ಮರುದಿನ ಬೆಳಗಿನ ಬಸ್ಸಿಗೇ ಅಪ್ಪ ಅಮ್ಮ ಆಸ್ಪತ್ರೆಯ ಬಿಲ್ಲು, ಸ್ಕ್ಯಾನಿಂಗ್ ಫಿಲ್ಮು ತುಂಬಿದ ಚೀಲ ಹಿಡಿದು ಬಂದು ಪ್ರಿನ್ಸಿಪಾಲರ ಕೋಣೆಯ ಮುಂದೆ ನಿಲ್ಲುತ್ತಾರೆ. ಅಷ್ಟು ಹೊತ್ತಿಗೆ ಪ್ರಿನ್ಸಿಪಾಲರ ಕೈಯಲ್ಲಿ ಉಳಿದಿರುವುದು ಬಹಳ ಕಡಿಮೆ.

ಅದೇ ಕಾಗದಗಳು ಕಾಯಿಲೆ ಬಿದ್ದ ವಾರದಲ್ಲೇ ಕಾಲೇಜಿನ ಕಚೇರಿ ಸೇರಿದ್ದರೆ ಅವರಲ್ಲಿ ಹೆಚ್ಚಿನವರಿಗೆ ಒಂದಲ್ಲ ಒಂದು ದಾರಿ ಇರುತ್ತಿತ್ತು. ನಿಯಮಗಳಲ್ಲಿ ದಾರಿಗಳಿವೆ. ಆದರೆ ಒಂದೊಂದಕ್ಕೂ ಗಡುವು ಇದೆ, ಮತ್ತು ಬರೆದು ಕೊಡದಿದ್ದರೆ ಯಾವ ದಾರಿಯೂ ತೆರೆಯುವುದಿಲ್ಲ. ಜ್ವರದಲ್ಲಿ ಮಲಗಿದ ಹುಡುಗನಿಗೋ ಹುಡುಗಿಗೋ ಇದನ್ನೆಲ್ಲ ಹುಡುಕುವ ಶಕ್ತಿ ಇರುವುದಿಲ್ಲ. ಆದ್ದರಿಂದ ಮನೆಯವರೂ ಗೆಳೆಯರೂ ಇದನ್ನು ತಿಳಿದಿರಬೇಕು ಅನ್ನುವುದು ನನ್ನ ಆಸೆ.

ಮೊದಲು ಲೆಕ್ಕ ಹಾಕಿ

ಎಷ್ಟು ರಜೆ ಬೇಕು ಅನ್ನುವುದನ್ನು ವೈದ್ಯರು ಹೇಳುತ್ತಾರೆ. ಎಷ್ಟು ರಜೆಯನ್ನು ಕೋರ್ಸು ತಡೆದುಕೊಳ್ಳುತ್ತದೆ ಅನ್ನುವುದನ್ನು ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿ ಹೇಳುತ್ತದೆ. ಎರಡನ್ನೂ ಎದುರುಬದುರು ಇಟ್ಟು ನೋಡಬೇಕು.

ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, ಪ್ರತಿ ವಿಷಯದಲ್ಲೂ ಶೇ 85 ಹಾಜರಾತಿ ಕೇಳುತ್ತದೆ. ಅನಾರೋಗ್ಯದಂಥ ಸಕಾರಣ ಇದ್ದರೆ ಪ್ರಿನ್ಸಿಪಾಲರ ಶಿಫಾರಸಿನ ಮೇಲೆ ಕುಲಪತಿಗಳು ಶೇ 10ರವರೆಗಿನ ಕೊರತೆಯನ್ನು ಮನ್ನಿಸಬಹುದು. ಇದನ್ನೇ ಕಾಲೇಜುಗಳಲ್ಲಿ ಕಂಡೋನೇಷನ್ ಅನ್ನುತ್ತಾರೆ. ಬಿಎ, ಬಿಕಾಂ, ಬಿಎಸ್‌ಸಿಯಂಥ ಪದವಿಗಳಲ್ಲಿ ಸಾಮಾನ್ಯವಾಗಿ ಶೇ 75 ಬೇಕು. ಕಾನೂನು ಕಾಲೇಜುಗಳಿಗೆ ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮವಿದೆ: ಪ್ರತಿ ವಿಷಯಕ್ಕೂ ಶೇ 70. ಅಸಾಧಾರಣ ಕಾರಣವಿದ್ದರೆ ಒಂದು ವಿಷಯದಲ್ಲಿ ಶೇ 65ಕ್ಕೆ ಇಳಿದರೂ ಎಲ್ಲ ವಿಷಯಗಳು ಸೇರಿ ಶೇ 70 ಆಗಿದ್ದರೆ ಪ್ರಿನ್ಸಿಪಾಲರು ಪರೀಕ್ಷೆಗೆ ಬಿಡಬಹುದು. ಎಂಬಿಬಿಎಸ್‌ಗೆ ಥಿಯರಿಯಲ್ಲಿ ಶೇ 75, ಪ್ರಾಕ್ಟಿಕಲ್‌ನಲ್ಲಿ ಶೇ 80. ನಿಯಮಾವಳಿ ಬ್ಯಾಚಿನಿಂದ ಬ್ಯಾಚಿಗೆ ಬದಲಾಗುವುದುಂಟು. ಸೀನಿಯರ್‌ಗಳ ಮಾತು ನಂಬಿ ಕೂರದೆ ನಿಮ್ಮ ಬ್ಯಾಚಿನದ್ದನ್ನೇ ತೆಗೆದು ಓದಿ.

ಈಗ ಒಂದು ಎಂಜಿನಿಯರಿಂಗ್ ವಿಷಯ ತೆಗೆದುಕೊಳ್ಳಿ. ವಾರಕ್ಕೆ 4 ಕ್ಲಾಸು, 15 ವಾರ, ಒಟ್ಟು 60. ಶೇ 85 ಅಂದರೆ 51 ಕ್ಲಾಸು. ಕಂಡೋನೇಷನ್ ಸಿಕ್ಕರೆ 45. ಡೆಂಗಿಯಿಂದ ಮೂರು ವಾರ ಹೋಗದಿದ್ದರೆ 12 ಕ್ಲಾಸು ತಪ್ಪಿ 48 ಉಳಿಯುತ್ತದೆ, ಅಂದರೆ ಶೇ 80. ಕಂಡೋನೇಷನ್ನಿಗೆ ಅರ್ಜಿ ಹಾಕಿದರೆ ಬಚಾವಾಗಬಹುದು. ಕಾಲಿಗೆ ಪ್ಲಾಸ್ಟರ್ ಬಿದ್ದು ಆರು ವಾರ ಹೋಗದಿದ್ದರೆ 24 ಕ್ಲಾಸು ತಪ್ಪಿ ಶೇ 60ಕ್ಕೆ ಇಳಿಯುತ್ತದೆ. ಅಲ್ಲಿಗೆ ಯಾರ ಶಿಫಾರಸೂ ಮುಟ್ಟುವುದಿಲ್ಲ. ಲ್ಯಾಬಿನದು ಇನ್ನೂ ಬಿಗಿ. ವಾರಕ್ಕೊಂದೇ ಇರುವ ಲ್ಯಾಬ್ 15 ಇದ್ದರೆ ಮೂರು ತಪ್ಪಿದರೂ ಕೊರತೆ ಪಟ್ಟಿಗೆ ಹೆಸರು ಹೋಗುತ್ತದೆ. ಈ ಲೆಕ್ಕ ವಿಷಯವಾರು ನಡೆಯುತ್ತದೆ, ಒಟ್ಟಾರೆ ಸರಾಸರಿ ನೋಡಿ ಸಮಾಧಾನಪಟ್ಟುಕೊಳ್ಳುವ ಹಾಗಿಲ್ಲ.

ಇಲ್ಲೊಂದು ತಪ್ಪು ಕಲ್ಪನೆ ಎಷ್ಟೋ ವರ್ಷಗಳಿಂದ ಹೋಗಿಲ್ಲ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ಆ ದಿನಗಳಿಗೆ ಹಾಜರಿ ಹಾಕುತ್ತಾರೆ ಎಂದು ಬಹಳ ವಿದ್ಯಾರ್ಥಿಗಳು ತಿಳಿದಿದ್ದಾರೆ. ಹಾಕುವುದಿಲ್ಲ. ಆ ದಿನಗಳು ಗೈರುಹಾಜರಿಯಾಗಿಯೇ ಉಳಿಯುತ್ತವೆ. ಕೊರತೆ ಮನ್ನಿಸಲು ಸರ್ಟಿಫಿಕೇಟ್ ಒಂದು ಆಧಾರ, ಅಷ್ಟೆ. ಹಾಗಾಗಿ ಕಾಯಿಲೆ ಬರುವ ಮೊದಲೇ ಸಣ್ಣಪುಟ್ಟ ಕಾರಣಕ್ಕೆ ಹತ್ತು ಕ್ಲಾಸು ಬಿಟ್ಟಿದ್ದರೆ, ನಿಜವಾದ ಕಾಯಿಲೆಗೆ ಬೇಕಾದ ಅವಕಾಶ ಅಲ್ಲೇ ಖರ್ಚಾಗಿರುತ್ತದೆ.

ಯಾವ ದಾರಿ, ಯಾರಿಗೆ

ಲೆಕ್ಕ ಮುಗಿದ ಮೇಲೆ ದಾರಿ ತಾನಾಗಿ ಕಾಣುತ್ತದೆ. ಕೊರತೆ ಮನ್ನಿಸುವ ಮಿತಿಯೊಳಗೆ ಇದ್ದರೆ ಕಂಡೋನೇಷನ್ ಸಾಕು. ಮೂರು ವಾರದ ಕಾಯಿಲೆಗೆ ಇಡೀ ಸೆಮಿಸ್ಟರ್ ಬಿಡುವುದು ಬೇಡ. ಹಾಜರಾತಿ, ಇಂಟರ್ನಲ್ಸ್ ಎರಡೂ ಸರಿಯಿದ್ದು ಪರೀಕ್ಷೆಯ ಹೊತ್ತಿಗೆ ಆಸ್ಪತ್ರೆ ಸೇರಿದವರಿಗೆ ವಿಟಿಯು ಅಡಿಯ ಸ್ವಾಯತ್ತ ಕಾಲೇಜುಗಳಲ್ಲಿ 'ಐ' ಗ್ರೇಡ್, ಅಂದರೆ ಅಪೂರ್ಣ ಎಂದು ಬರೆದು ಮೇಕಪ್ ಪರೀಕ್ಷೆಗೆ ಬಿಡುವ ವ್ಯವಸ್ಥೆ ಇದೆ. ಸ್ವಾಯತ್ತ ಕಾಲೇಜುಗಳಲ್ಲಿ ಸೆಮಿಸ್ಟರಿನ ನಡುವೆ ಒಂದೆರಡು ವಿಷಯ ಮಾತ್ರ ಕೈಬಿಟ್ಟು ಭಾರ ಇಳಿಸಿಕೊಳ್ಳುವ ಅವಕಾಶವೂ ಇರುತ್ತದೆ. ಅದಕ್ಕೆ ಕೊನೆಯ ದಿನಾಂಕ ಕ್ಯಾಲೆಂಡರಿನಲ್ಲೇ ಅಚ್ಚಾಗಿರುತ್ತದೆ, ಯಾರೂ ಓದುವುದಿಲ್ಲ.

ತಿಂಗಳುಗಟ್ಟಲೆ ಚಿಕಿತ್ಸೆ ಬೇಕಾದವರು ಇಡೀ ಸೆಮಿಸ್ಟರಿಗೆ ಅಥವಾ ವರ್ಷಕ್ಕೆ ತಾತ್ಕಾಲಿಕವಾಗಿ ಹೊರಗುಳಿಯಲು ಅನುಮತಿ ಕೇಳಬೇಕು. ವಿಟಿಯು ಸ್ವಾಯತ್ತ ಕಾಲೇಜುಗಳ ನಿಯಮದಲ್ಲಿ ದೀರ್ಘ ಕಾಯಿಲೆ, ಕುಟುಂಬದಲ್ಲಿ ಭಾರೀ ಆಪತ್ತು ಇಂಥ ಕಾರಣಗಳಿಗೆ ಇದು ಸಿಗುತ್ತದೆ. ಸೆಮಿಸ್ಟರ್ ಶುರುವಾದ ದಿನ ಅಥವಾ ವಿದ್ಯಾರ್ಥಿ ಕೊನೆಯದಾಗಿ ಕ್ಲಾಸಿಗೆ ಬಂದ ದಿನ, ಇವೆರಡರಲ್ಲಿ ಯಾವುದು ನಂತರವೋ ಅಲ್ಲಿಂದ 15 ದಿನದೊಳಗೆ ದಾಖಲೆ ಮತ್ತು ಪೋಷಕರ ಸಹಿಯೊಂದಿಗೆ ಅರ್ಜಿ ಕೊಡಬೇಕು. ಕಾಲೇಜಿಗೆ ಕೊಡಬೇಕಾದ ಬಾಕಿ ಇರಬಾರದು. ಹೊರಗುಳಿದ ಅವಧಿಯನ್ನೂ ಸೇರಿಸಿದರೆ ಕೋರ್ಸಿನ ಗರಿಷ್ಠ ಕಾಲಮಿತಿಯೊಳಗೆ ಮುಗಿಸಬಲ್ಲರೇ ಎಂದೂ ನೋಡುತ್ತಾರೆ. ನಾಲ್ಕು ವರ್ಷದ ಬಿಇಗೆ ವಿಟಿಯು 8 ವರ್ಷ ಕೊಡುತ್ತದೆ, ಎಂಬಿಬಿಎಸ್‌ಗೆ ಪ್ರವೇಶದ ದಿನದಿಂದ 9 ವರ್ಷ. ಒಂದು ವರ್ಷ ಬಿಟ್ಟರೆ ಎಲ್ಲ ಮುಗಿಯಿತು ಎಂದು ಅಳುತ್ತ ಕೂತ ಮನೆಗಳಿಗೆ ಈ ಒಂದು ಅಂಕಿಯೇ ದೊಡ್ಡ ಧೈರ್ಯ ಕೊಡುತ್ತದೆ.

ಬೆಸ ಸೆಮಿಸ್ಟರಿನ ವಿಷಯಗಳು ಬೆಸ ಸೆಮಿಸ್ಟರಿನಲ್ಲಷ್ಟೇ ನಡೆಯುತ್ತವೆ. ಮೂರನೇ ಸೆಮಿಸ್ಟರ್ ಬಿಟ್ಟವರಿಗೆ ಆರೋಗ್ಯ ನಾಲ್ಕೇ ತಿಂಗಳಲ್ಲಿ ಸರಿಹೋದರೂ ಮತ್ತೆ ಮೂರನೇ ಸೆಮಿಸ್ಟರ್ ಸಿಗುವುದು ಮುಂದಿನ ವರ್ಷವೇ. ಅರ್ಧ ವರ್ಷದ ರಜೆ ಕೇಳಿ ಒಂದು ವರ್ಷ ಕೂರಬೇಕಾಯಿತಲ್ಲ ಎಂದು ಆಮೇಲೆ ಗಾಬರಿಯಾಗುವ ಬದಲು, ಕೇಳುವಾಗಲೇ ಎಚ್‌ಒಡಿಯವರ ಹತ್ತಿರ ಕೂತು ಎಂದು ಮರಳಬಹುದು, ನಡುವೆ ಬ್ಯಾಕ್‌ಲಾಗ್ ಪರೀಕ್ಷೆ ಬರೆಯಬಹುದೇ, ಸಮ್ಮರ್ ಸೆಮಿಸ್ಟರ್ ಇದೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ.

ಒಂದು ಕೆಲಸವನ್ನು ಮಾತ್ರ ದಯವಿಟ್ಟು ಮಾಡಬೇಡಿ. ಬೇಸರದಲ್ಲೋ ಯಾರದೋ ಅವಸರದ ಸಲಹೆಯಲ್ಲೋ ಟಿಸಿ ತೆಗೆದುಕೊಳ್ಳಬೇಡಿ. ಟಿಸಿ ತೆಗೆದುಕೊಂಡರೆ ಪ್ರವೇಶವೇ ರದ್ದಾಗುತ್ತದೆ. ಸಿಇಟಿಯಲ್ಲಿ ಸಿಕ್ಕ ಸರ್ಕಾರಿ ಕೋಟಾದ ಸೀಟು ಒಮ್ಮೆ ಕೈಬಿಟ್ಟರೆ ಆರೋಗ್ಯ ಸುಧಾರಿಸಿದ ಮೇಲೆ ಹೋಗಿ ಕೇಳಿದರೆ ಸಿಗುವುದಿಲ್ಲ. ಹೆಸರು ಕಾಲೇಜಿನ ದಾಖಲೆಯಲ್ಲಿ ಉಳಿಯುವಂಥ ರಜೆಯನ್ನೇ ಕೇಳಬೇಕು.

ಕಾಗದಪತ್ರ

ಕ್ಲಿನಿಕ್ಕಿನ ಚೀಟಿಯ ಮೇಲೆ ಎರಡು ಸಾಲು ಗೀಚಿಸಿಕೊಂಡು ಬಂದರೆ ಸಾಲದು. ಸರ್ಟಿಫಿಕೇಟಿನಲ್ಲಿ ವೈದ್ಯರ ಹೆಸರು, ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ, ಸಹಿ, ಮೊಹರು ಇರಬೇಕು. ಎಂದಿನಿಂದ ಎಂದಿನವರೆಗೆ ವಿಶ್ರಾಂತಿ ಅಗತ್ಯ ಎಂದು ತಾರೀಖು ಹಾಕಿ ಬರೆದಿರಬೇಕು. ವೈದ್ಯರ ವೃತ್ತಿನೀತಿಯ 2002ರ ನಿಯಮಾವಳಿಯಲ್ಲಿ ಸರ್ಟಿಫಿಕೇಟಿನ ನಮೂನೆಯೇ ಇದೆ, ಕೊಟ್ಟ ಸರ್ಟಿಫಿಕೇಟುಗಳ ರಿಜಿಸ್ಟರನ್ನು ವೈದ್ಯರು ಇಟ್ಟಿರಬೇಕು. ಹಾಗಾಗಿ ಕಾಲೇಜಿನವರು ವಿಚಾರಿಸಿದರೆ ನಿಜವಾದ ಸರ್ಟಿಫಿಕೇಟಿಗೆ ಯಾವ ಭಯವೂ ಇಲ್ಲ, ಹಣ ಕೊಟ್ಟು ತಂದ ಸರ್ಟಿಫಿಕೇಟು ಅಲ್ಲೇ ಸಿಕ್ಕಿಬೀಳುತ್ತದೆ. ಅದೇ ನಿಯಮಾವಳಿಯ ಪ್ರಕಾರ ರೋಗಿ ಕೇಳಿದರೆ ತನ್ನ ವೈದ್ಯಕೀಯ ದಾಖಲೆಗಳು 72 ಗಂಟೆಯೊಳಗೆ ಸಿಗಬೇಕು. ಡಿಸ್ಚಾರ್ಜ್ ಸಮರಿಯನ್ನು ಬಿಡುಗಡೆಯ ದಿನವೇ ಕೇಳಿ ಪಡೆಯಿರಿ, ನಾಲ್ಕು ಜೆರಾಕ್ಸ್ ಮಾಡಿಸಿ, ಮೂಲವನ್ನು ಯಾರಿಗೂ ಕೊಡಬೇಡಿ.

ಅರ್ಜಿ ಉದ್ದ ಇರಬೇಕಿಲ್ಲ. ಈ ಮಾದರಿ ಸಾಕು:

'ಮಾನ್ಯ ಪ್ರಾಂಶುಪಾಲರಿಗೆ, ನಾನು ಮೂರನೇ ಸೆಮಿಸ್ಟರ್ (ವಿಭಾಗ, ಯುಎಸ್‌ಎನ್) ವಿದ್ಯಾರ್ಥಿ. ದಿನಾಂಕ ... ರಿಂದ ಅನಾರೋಗ್ಯದಿಂದ ಚಿಕಿತ್ಸೆಯಲ್ಲಿದ್ದೇನೆ. ದಿನಾಂಕ ... ರವರೆಗೆ ವಿಶ್ರಾಂತಿ ಪಡೆಯಲು ವೈದ್ಯರು ಸೂಚಿಸಿದ್ದಾರೆ. ಸರ್ಟಿಫಿಕೇಟ್ ಲಗತ್ತಿಸಿದ್ದೇನೆ. ಈ ಅವಧಿಗೆ ವೈದ್ಯಕೀಯ ರಜೆ ಮಂಜೂರು ಮಾಡಿ, ನನ್ನ ಪ್ರವೇಶವನ್ನು ಉಳಿಸಿಕೊಂಡು, ಮರಳಿದ ಮೇಲೆ ಸೂಕ್ತ ಸೆಮಿಸ್ಟರಿಗೆ ಸೇರಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ನಿಮ್ಮ ನಿರ್ಧಾರವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.'

ಕೆಳಗೆ ವಿದ್ಯಾರ್ಥಿಯ ಸಹಿ, ಪೋಷಕರ ಸಹಿ. ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿಯ ಮೊಹರು, ತಾರೀಖು ಹಾಕಿಸಿಕೊಳ್ಳಿ. ಆಸ್ಪತ್ರೆಯಲ್ಲಿದ್ದರೆ ಮನೆಯವರೋ ಗೆಳೆಯರೋ ಕೊಡಬಹುದು, ಅಂದೇ ಪ್ರಿನ್ಸಿಪಾಲರ ಮತ್ತು ಎಚ್‌ಒಡಿಯವರ ಅಧಿಕೃತ ವಿಳಾಸಕ್ಕೆ ಇಮೇಲ್ ಕೂಡ ಹಾಕಿ. ಕ್ಲಾಸ್ ಟೀಚರ್‌ಗೆ ವಾಟ್ಸ್‌ಆಪ್ ಮಾಡಿ ಸುಮ್ಮನಾಗಬೇಡಿ. ಅವರು ಒಳ್ಳೆಯವರೇ ಇರಬಹುದು, ಆದರೆ ಮುಂದಿನ ಸೆಮಿಸ್ಟರಿಗೆ ಅವರು ಬೇರೆ ಕಾಲೇಜಿಗೆ ಹೋಗಿರಬಹುದು, ಆಗ ನಿಮ್ಮ ರಜೆಯ ವಿಷಯ ಗೊತ್ತಿರುವವರು ನಿಮ್ಮ ಕಾಲೇಜಿನಲ್ಲಿ ಯಾರೂ ಇರುವುದಿಲ್ಲ.

ಕೊಟ್ಟ ಅರ್ಜಿಗೆ ಉತ್ತರವೇ ಬರದಿದ್ದರೆ? ಗುಮಾಸ್ತರ ಮೇಜಿನಿಂದ ಮೇಜಿಗೆ ಹೋದ ಪುಟ್ಟ ಬಂದ ಪುಟ್ಟ ಅನ್ನುವಂತೆ ಅಲೆಯುವ ಅಗತ್ಯವಿಲ್ಲ. ಯುಜಿಸಿಯ 2023ರ ನಿಯಮಾವಳಿಯಂತೆ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳೊಳಗೆ ಸಮಿತಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಅಲ್ಲಿಗೆ ಹೋದಾಗ ಮೊದಲು ಕೇಳುವುದು ಸ್ವೀಕೃತಿಯ ಮೊಹರು ಬಿದ್ದ ಆ ಪ್ರತಿಯನ್ನೇ.

ಮನಸ್ಸಿನ ಕಾಯಿಲೆಗೂ ರಜೆ ಇದೆ

ಕೈಗೆ ಪ್ಲಾಸ್ಟರ್ ಬಿದ್ದವರು ರಜೆ ಕೇಳಲು ನಾಚುವುದಿಲ್ಲ. ಖಿನ್ನತೆ, ತೀವ್ರ ಆತಂಕ, ಬೈಪೋಲಾರ್, ಊಟವನ್ನೇ ಬಿಡಿಸುವಂಥ ಗೀಳುಗಳಿಂದ ನರಳುವವರು ಕೊನೆಯವರೆಗೂ ಬಾಯಿ ಬಿಡುವುದಿಲ್ಲ. 'ಹೊಟ್ಟೆನೋವು' ಎಂದು ಬರೆದು ನಾಲ್ಕು ದಿನ, 'ಅಜ್ಜಿಗೆ ಹುಷಾರಿಲ್ಲ' ಎಂದು ಬರೆದು ಇನ್ನೊಂದು ವಾರ, ಹೀಗೆ ಹಾಜರಾತಿ ಕರಗಿಹೋಗುತ್ತದೆ. ಕಾಯಿಲೆಗೆ ಚಿಕಿತ್ಸೆಯೂ ಸಿಗುವುದಿಲ್ಲ, ರಜೆಗೆ ದಾಖಲೆಯೂ ಇರುವುದಿಲ್ಲ. ಮನೋವೈದ್ಯರು ಕೊಡುವ ಸರ್ಟಿಫಿಕೇಟು ಮೂಳೆ ವೈದ್ಯರದಷ್ಟೇ ಸಿಂಧು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಅನ್ನುವುದನ್ನು ರೋಗಿಯ ಹಕ್ಕು ಎಂದೇ ಹೇಳಿದೆ. ಕಾಯಿಲೆಯ ಹೆಸರನ್ನು ಎಷ್ಟು ವಿವರವಾಗಿ ಬರೆಯಬೇಕು ಎಂದು ವೈದ್ಯರ ಜೊತೆಯೇ ಮಾತಾಡಿ. ಸರ್ಟಿಫಿಕೇಟನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಪ್ರಿನ್ಸಿಪಾಲರ ಕೈಗೇ ಕೊಡಿ, ವಿಭಾಗದ ಕಡತದಲ್ಲಿ 'ವೈದ್ಯಕೀಯ ಕಾರಣ' ಎಂದಷ್ಟೇ ಇರಲಿ ಎಂದು ಅರ್ಜಿಯಲ್ಲೇ ಕೇಳಿ. ಸಹಪಾಠಿಗಳಿಗೆ ಏನು ಹೇಳಬೇಕು ಅನ್ನುವುದು ನಿಮ್ಮ ಇಷ್ಟ.

ಯಾರ ಹತ್ತಿರ ಮೊದಲು ಮಾತಾಡಬೇಕು ಎಂದು ತಿಳಿಯದಿದ್ದರೆ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಬದುಕು ಬೇಡ ಅನ್ನಿಸುವಷ್ಟು ಕಷ್ಟವಾಗಿದ್ದರೆ ರಜೆ, ಹಾಜರಾತಿ, ಇಂಟರ್ನಲ್ಸ್ ಯಾವುದನ್ನೂ ಯೋಚಿಸದೆ ಇವತ್ತೇ ಆಸ್ಪತ್ರೆಗೆ ಹೋಗಿ. ಕಾಗದವನ್ನು ಬೇರೆಯವರು ನೋಡಿಕೊಳ್ಳುತ್ತಾರೆ.

ಪೋಷಕರಿಗೂ ಒಂದು ಮಾತು. 'ಒಂದು ವರ್ಷ ವೇಸ್ಟ್ ಆಯ್ತಲ್ಲಪ್ಪ' ಅನ್ನುವ ಮಾತು ಮದುವೆ ಮನೆಯಲ್ಲಿ, ತೇರಿನಲ್ಲಿ ಸಿಕ್ಕ ನೆಂಟರ ಬಾಯಿಂದ ಹೇಗೂ ಬರುತ್ತದೆ. ಅದು ಮನೆಯೊಳಗಿನಿಂದ ಬರದಿರಲಿ. ಮಗ ಅಥವಾ ಮಗಳು ಗುಣವಾಗಲೆಂದೇ ತೆಗೆದುಕೊಂಡ ಸಮಯ ಅದು, ಮತ್ತು ಅವರು ಗುಣವಾಗಲು ನಿಮ್ಮ ಮುಖದಲ್ಲಿನ ನೆಮ್ಮದಿಯೂ ಬೇಕು.

ದೇಹದ ಕಾಯಿಲೆಗಳಲ್ಲಿ ಕ್ಷಯದ ಬಗ್ಗೆ ಬೇರೆಯಾಗಿ ಹೇಳಬೇಕು. ಹಾಸ್ಟೆಲ್ ಹುಡುಗರಲ್ಲಿ ಇದು ಬಂದರೆ ಮನೆಯವರು ಓದೇ ನಿಂತಿತು ಎಂದುಕೊಳ್ಳುತ್ತಾರೆ. ಸಾಮಾನ್ಯ ಕ್ಷಯಕ್ಕೆ ಮಾತ್ರೆ ಆರು ತಿಂಗಳು ತೆಗೆದುಕೊಳ್ಳಬೇಕು, ಆದರೆ ಆರು ತಿಂಗಳೂ ರಜೆ ಬೇಕೆಂದಿಲ್ಲ. ಸರಿಯಾದ ಔಷಧ ಶುರುವಾದ ಕೆಲವೇ ವಾರಗಳಲ್ಲಿ ಸೋಂಕು ಹರಡುವುದು ಬಹಳಷ್ಟು ಇಳಿಯುತ್ತದೆ, ಯಾವಾಗ ಕ್ಲಾಸಿಗೆ ಹೋಗಬಹುದು ಎಂದು ವೈದ್ಯರು ಹೇಳುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಉಚಿತ, ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಚಿಕಿತ್ಸೆ ಮುಗಿಯುವವರೆಗೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಮೈ ಹಗುರಾಯಿತೆಂದು ನಡುವೆ ಮಾತ್ರೆ ಬಿಟ್ಟರೆ ಮಾತ್ರ ಮುಂದಿನ ರಜೆ ಬಹಳ ಉದ್ದವಾಗುತ್ತದೆ.

ಹಣದ ವಿಷಯ

ಶಿಕ್ಷಣ ಸಾಲ ಇದ್ದರೆ ಬ್ಯಾಂಕಿಗೆ ರಜೆಯ ಆದೇಶದ ಪ್ರತಿ ಕೊಡುವುದನ್ನು ಮರೆಯಬೇಡಿ. ಕೋರ್ಸ್ ಮುಗಿಯುವ ವರ್ಷವನ್ನು ನೋಡಿ ಬ್ಯಾಂಕು ಕಂತು ಶುರುಮಾಡುತ್ತದೆ, ನೀವು ಇನ್ನೂ ಓದುತ್ತಿದ್ದೀರಿ ಎಂದು ಅದಕ್ಕೆ ತಾನಾಗಿ ತಿಳಿಯುವುದಿಲ್ಲ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಸಾಲ ಯೋಜನೆಯಲ್ಲಿ ಕೋರ್ಸ್ ಮುಗಿಸಲು 2 ವರ್ಷದವರೆಗೆ ಹೆಚ್ಚುವರಿ ಅವಧಿ ಕೊಡಬಹುದು. ವಿದ್ಯಾರ್ಥಿಯ ಕೈಮೀರಿದ ಕಾರಣವಿದ್ದರೆ ಸಾಲ ಮಂಜೂರು ಮಾಡಿದ ಅಧಿಕಾರಿ ಇನ್ನೂ ವಿಸ್ತರಿಸಬಹುದು.

ವಿದ್ಯಾರ್ಥಿವೇತನ ಒಂದೇ ವರ್ಷಕ್ಕೆ ಎರಡು ಸಲ ಬರುವುದಿಲ್ಲ ಅನ್ನುವ ಮಾತು ಪೂರ್ತಿ ನಿಜವಲ್ಲ. ಕೇಂದ್ರದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಾರ್ಗಸೂಚಿಗಳಲ್ಲಿ, ಅನಾರೋಗ್ಯದಿಂದ ವಾರ್ಷಿಕ ಪರೀಕ್ಷೆ ಬರೆಯಲಾಗದವರು ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು, ಬರೆದಿದ್ದರೆ ಪಾಸಾಗುತ್ತಿದ್ದರು ಎಂದು ಸಂಸ್ಥೆಯ ಮುಖ್ಯಸ್ಥರು ದೃಢೀಕರಿಸಿದರೆ ಮುಂದಿನ ವರ್ಷಕ್ಕೂ ನವೀಕರಿಸುವ ಅವಕಾಶವಿದೆ. ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ಇದನ್ನು ಹೆಸರು ಹಿಡಿದು ಕೇಳಿ. ಸರ್ಕಾರಿ ಹಾಸ್ಟೆಲಿನಲ್ಲಿದ್ದವರು ವಾರ್ಡನ್‌ಗೂ ಲಿಖಿತವಾಗಿ ತಿಳಿಸಿ ಹೊರಡಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ ಹೋಗಿರುತ್ತದೆ.

ಅಮೆರಿಕದಲ್ಲಿ ಎಫ್-1 ವೀಸಾದಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಹಣದ ಜೊತೆಗೆ ಇನ್ನೊಂದು ಗಂಡಾಂತರವಿದೆ. ಅಲ್ಲಿ ಕಾಯಿಲೆಯೆಂದು ತಾವಾಗಿ ವಿಷಯಗಳನ್ನು ಕೈಬಿಟ್ಟರೆ ವೀಸಾದ ಸ್ಥಿತಿಯೇ ಕೆಡುತ್ತದೆ. ಮೊದಲು ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳ ವೀಸಾ ವಿಷಯ ನೋಡಿಕೊಳ್ಳುವ ಅಧಿಕಾರಿ, ಅಂದರೆ ಡಿಎಸ್‌ಒ ಅವರಿಂದ ಅನುಮತಿ ಪಡೆಯಬೇಕು. ವೈದ್ಯರ ಪತ್ರವಿದ್ದರೆ ಒಂದು ಪದವಿ ಹಂತದಲ್ಲಿ ಒಟ್ಟು 12 ತಿಂಗಳವರೆಗೆ ಕಡಿಮೆ ವಿಷಯ ಓದಲು, ಅಗತ್ಯವಿದ್ದರೆ ಒಂದೂ ಓದದೆ ಅಲ್ಲೇ ಉಳಿದು ಚಿಕಿತ್ಸೆ ಪಡೆಯಲು ಅವಕಾಶವಿದೆ. ಊರಿಗೆ ಬರುವುದಾದರೂ ವಿಮಾನ ಹತ್ತುವ ಮೊದಲೇ ಅವರ ಹತ್ತಿರ ಮಾತಾಡಿರಬೇಕು.

ಮರಳುವಾಗ

ರಜೆ ಮುಗಿಯುವ ಒಂದೂವರೆ ಎರಡು ತಿಂಗಳ ಮೊದಲೇ ಕಾಲೇಜಿಗೆ ಒಮ್ಮೆ ಹೋಗಿ ಬನ್ನಿ. ಮರುಪ್ರವೇಶದ ಅರ್ಜಿ, ಫಿಟ್‌ನೆಸ್ ಸರ್ಟಿಫಿಕೇಟ್, ಹಳೆಯ ಮಾರ್ಕ್ಸ್ ಕಾರ್ಡು, ರಜೆ ಮಂಜೂರಾದ ಆದೇಶ, ಶುಲ್ಕ ಕಟ್ಟಿದ ರಸೀದಿ ಇಷ್ಟು ಕೈಯಲ್ಲಿರಲಿ. ಮರುಪ್ರವೇಶಕ್ಕೆ ವಿಶ್ವವಿದ್ಯಾಲಯದ ಅನುಮತಿ ಬೇಕಾದ ಕಡೆ ಅದಕ್ಕೂ ಕೊನೆಯ ದಿನಾಂಕ ಇರುತ್ತದೆ. ಫಿಟ್‌ನೆಸ್ ಸರ್ಟಿಫಿಕೇಟನ್ನು ಚಿಕಿತ್ಸೆ ಮಾಡಿದ ವೈದ್ಯರಿಂದಲೇ ತನ್ನಿ. 'ಕ್ಲಾಸಿಗೆ ಹೋಗಬಹುದು' ಎಂಬುದರ ಜೊತೆ ಏನನ್ನು ಮಾಡಬಾರದು ಎಂದೂ ಅದರಲ್ಲಿ ಬರೆಸಿ: ಮೆಟ್ಟಿಲು ಹತ್ತಬಾರದು, ವರ್ಕ್‌ಶಾಪಿನಲ್ಲಿ ಹೊತ್ತುಗಟ್ಟಲೆ ನಿಲ್ಲಬಾರದು, ತಿಂಗಳಿಗೊಮ್ಮೆ ತಪಾಸಣೆಗೆ ಹೋಗಬೇಕು. ಆ ಒಂದು ಸಾಲು ಇದ್ದರೆ ಪ್ರತಿ ಉಪನ್ಯಾಸಕರಿಗೂ ಬೇರೆ ಬೇರೆಯಾಗಿ ಕಾಯಿಲೆಯ ಕತೆ ಹೇಳುವ ಸಂಕಟ ತಪ್ಪುತ್ತದೆ.

ನೀವು ಹೊರಗಿದ್ದಾಗ ಸ್ಕೀಮ್, ಅಂದರೆ ಪಠ್ಯಕ್ರಮ, ಬದಲಾಗಿರಬಹುದು. ವಿಟಿಯುನಲ್ಲಿ 2018, 2021, 2022 ಹೀಗೆ ಹತ್ತಿರ ಹತ್ತಿರದಲ್ಲೇ ಸ್ಕೀಮ್‌ಗಳು ಬಂದಿವೆ. ಹಳೆ ಸ್ಕೀಮಿನಲ್ಲಿ ಪಾಸಾದ ವಿಷಯಕ್ಕೆ ಹೊಸದರಲ್ಲಿ ಯಾವುದು ಸಮ, ಯಾವ ವಿಷಯ ಹೆಚ್ಚುವರಿಯಾಗಿ ಬರೆಯಬೇಕು ಅನ್ನುವುದನ್ನು ಪರೀಕ್ಷಾ ವಿಭಾಗದಿಂದ ಲಿಖಿತವಾಗಿ ಪಡೆಯಿರಿ. ಕೊನೆಯ ಸೆಮಿಸ್ಟರಿನಲ್ಲಿ ಒಂದು ವಿಷಯ ಬಾಕಿ ಇದೆ ಎಂದು ಗೊತ್ತಾಗಿ ಪದವಿಯೇ ನಿಂತರೆ ಅದಕ್ಕಿಂತ ನೋವಿಲ್ಲ.

ಕಾಯಿಲೆ ಗುಣವಾಗುವಂಥದ್ದಲ್ಲ, ಜೊತೆಯಲ್ಲೇ ಇರುವಂಥದ್ದು ಎಂದಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ನೋಡಿ. ಅದರಲ್ಲಿರುವ 21 ಬಗೆಗಳಲ್ಲಿ ಮಾನಸಿಕ ಕಾಯಿಲೆ, ದೀರ್ಘಕಾಲದ ನರಸಂಬಂಧಿ ಕಾಯಿಲೆ, ಹಿಮೋಫಿಲಿಯಾ, ಥಲಸ್ಸೀಮಿಯಾ, ಕುಡುಗೋಲು ಕಣ ರಕ್ತಹೀನತೆಗಳೂ ಸೇರಿವೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮಾಡಿಸಿಕೊಂಡವರು ಕಾಲೇಜಿನಿಂದ ಸೂಕ್ತ ಅನುಕೂಲಗಳನ್ನು ಹಕ್ಕಾಗಿ ಕೇಳಬಹುದು. ಬರೆಯಲು ಕಷ್ಟವಿರುವವರಿಗೆ ಪರೀಕ್ಷೆಯಲ್ಲಿ ಬರಹಗಾರರು, ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗುತ್ತದೆ. ಶೇ 40ರಷ್ಟು ಅಂಗವೈಕಲ್ಯ ಇಲ್ಲವೆಂಬ ಒಂದೇ ಕಾರಣಕ್ಕೆ ಬರಹಗಾರರನ್ನು ನಿರಾಕರಿಸುವಂತಿಲ್ಲ ಎಂದು 2021ರಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಮೊದಲ ತಿಂಗಳು ಕಷ್ಟವೇ. ಹಳೆ ಗೆಳೆಯರು ಮುಂದಿನ ವರ್ಷದಲ್ಲಿ, ಬೆಂಚಿನ ಪಕ್ಕ ಕೂತವರು ಜೂನಿಯರ್‌ಗಳು, ಬೆಳಗಿನಿಂದ ಸಂಜೆವರೆಗೆ ಕೂರುವ ಅಭ್ಯಾಸ ಮೈಗೆ ತಪ್ಪಿರುತ್ತದೆ. ಬಿಟ್ಟ ವರ್ಷವನ್ನು ತುಂಬಿಕೊಳ್ಳುತ್ತೇನೆಂದು ಬ್ಯಾಕ್‌ಲಾಗ್, ಕೋಡಿಂಗ್ ಕೋರ್ಸು, ಕಾಲೇಜು ಫೆಸ್ಟು ಎಲ್ಲವನ್ನೂ ಒಟ್ಟಿಗೆ ಹೇರಿಕೊಳ್ಳಬೇಡಿ. ಮಾತ್ರೆಯ ಹೊತ್ತು, ಊಟದ ಹೊತ್ತು, ನಿದ್ದೆಯ ಹೊತ್ತು ಮೊದಲು ನಿಲ್ಲಲಿ. ತಪಾಸಣೆಯ ದಿನಗಳನ್ನು ಸೆಮಿಸ್ಟರಿನ ಕ್ಯಾಲೆಂಡರಿನ ಮೇಲೇ ಗುರುತಿಸಿ, ಲ್ಯಾಬ್ ಇಲ್ಲದ ದಿನಕ್ಕೆ ಅಪಾಯಿಂಟ್‌ಮೆಂಟ್ ಕೇಳಿ. ಹೊಸ ಬ್ಯಾಚಿನಲ್ಲಿ ನೋಟ್ಸ್ ಕೊಡಬಲ್ಲ, ಏನಾದರೂ ಆದರೆ ಮನೆಗೆ ಫೋನ್ ಮಾಡಬಲ್ಲ ಒಬ್ಬರಾದರೂ ಇರಲಿ. ಕ್ಯಾಂಪಸ್ ಸಂದರ್ಶನದ ಅರ್ಜಿಗಳಲ್ಲಿ ಗ್ಯಾಪ್ ಎಷ್ಟು ಎಂದು ಕೇಳುವ ಕಾಲಂ ಇದ್ದರೆ ನಿಜವನ್ನೇ ಬರೆಯಿರಿ, 'ವೈದ್ಯಕೀಯ ರಜೆ, ಅನುಮತಿ ಪಡೆದದ್ದು' ಎಂದು. ಆದೇಶದ ಪ್ರತಿ ಇದ್ದವರಿಗೆ ಆ ಪ್ರಶ್ನೆ ಒಂದು ನಿಮಿಷದಲ್ಲಿ ಮುಗಿಯುತ್ತದೆ.

ಮರಳಿದ ಎರಡನೇ ವಾರದಲ್ಲೇ ಕಾಲೇಜಿನ ಪೋರ್ಟಲ್ ತೆರೆದು ಪ್ರತಿ ವಿಷಯದಲ್ಲೂ ನಿಮ್ಮ ಹಾಜರಿ ಬೀಳುತ್ತಿದೆಯೇ ನೋಡಿ. ಮರುಪ್ರವೇಶ ಪಡೆದವರ ಹೆಸರು ಹೊಸ ಬ್ಯಾಚಿನ ಪಟ್ಟಿಗೆ ತಡವಾಗಿ ಸೇರುವುದುಂಟು. ದಿನಾ ಕ್ಲಾಸಿನಲ್ಲಿ ಕೂತಿದ್ದರೂ ದಾಖಲೆಯಲ್ಲಿ ಇಲ್ಲದಂತಾಗುತ್ತದೆ. ಹೆಸರು ಕಾಣದಿದ್ದರೆ ಅಂದೇ ವಿಭಾಗದ ಕಚೇರಿಗೆ ಹೋಗಿ ಬರೆದು ಕೊಡಿ, ಸೇರಿದ ದಿನದಿಂದ ಹಾಜರಿ ತಿದ್ದಿಸಿಕೊಳ್ಳಿ.